ಗೋಡೆ ಅಸೋಸಿಯೇಷನ್‌ದು, ಗೋಡೆಯ ಬಣ್ಣ ಯಾರದು?

ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆ ಮತ್ತು ವಿಮೆ

ಅಮೆರಿಕದಲ್ಲಿ ಕಾಂಡೋ (ಸ್ವಂತಕ್ಕೆ ಕೊಳ್ಳುವ ಫ್ಲಾಟ್) ಕೊಂಡವರಿಂದ ಈ ಸಲ ಜಾಸ್ತಿ ಪತ್ರಗಳು ಬಂದಿವೆ. ಹಾಗಾಗಿ ಈ ಕಂತು ಪೂರ್ತಿ ಅವರಿಗೇ ಮೀಸಲು. ಅಲ್ಲಿನ ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಪಾಲಿಸಿ ಮಾರುವವರ ಕಡೆಯಿಂದಲ್ಲ, ದುಡ್ಡು ಕೊಡಬೇಕೋ ಬೇಡವೋ ಎಂದು ನೋಡುವವರ ಕಡೆಯಿಂದ ಮಾತಾಡುತ್ತೇನೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಬರೆದಿದ್ದೀರಿ. ಹಾಕಿಲ್ಲ.

ಪ್ರಶ್ನೆ: ನಮ್ಮ ಕಾಂಡೋ ಎರಡನೇ ಮಹಡಿಯಲ್ಲಿದೆ. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಮೇಲಿನ ಮನೆಯ ವಾಷಿಂಗ್ ಮೆಷಿನ್ ಪೈಪ್ ಒಡೆದು ನೀರೆಲ್ಲ ನಮ್ಮ ಮನೆಗೆ ಇಳಿದಿದೆ. ಅಡುಗೆಮನೆಯ ಸೀಲಿಂಗ್ ಕುಸಿದಿದೆ. ಕ್ಯಾಬಿನೆಟ್‌ಗಳು ಊದಿಕೊಂಡಿವೆ. ಹೋದ ವರ್ಷ ಕಾರ್ಪೆಟ್ ತೆಗೆಸಿ ಹಾಕಿಸಿದ್ದ ಮರದ ನೆಲ ಎದ್ದು ಬಂದಿದೆ. ಕಟ್ಟಡದ ಮಾಲೀಕರ ಅಸೋಸಿಯೇಷನ್‌ನವರು ‘ಒಳಗಿನದೆಲ್ಲ ನಿಮ್ಮದು’ ಅನ್ನುತ್ತಾರೆ. ಮೇಲಿನ ಮನೆಯವರು ‘ಅಸೋಸಿಯೇಷನ್‌ಗೆ ವಿಮೆ ಇದೆಯಲ್ಲ, ಅಲ್ಲೇ ಕೇಳಿ’ ಅನ್ನುತ್ತಾರೆ. ತಿಂಗಳ ಶುಲ್ಕದಲ್ಲೇ ವಿಮೆ ಸೇರಿದೆ ಅಂದುಕೊಂಡು ನಾವು ಸಣ್ಣ ಪಾಲಿಸಿ ತೆಗೆದುಕೊಂಡಿದ್ದೆವು. ಅದರಲ್ಲಿ ಮನೆಯ ಭಾಗಕ್ಕೆ ‘ಕವರೇಜ್ ಎ’ ಎಂದು 5,000 ಡಾಲರ್ ಮಾತ್ರ ಇದೆ. ಯಾರು ಕೊಡಬೇಕು ಮೇಡಂ?

ಉತ್ತರ: ಯಾರು ಕೊಡಬೇಕು ಅನ್ನೋದು ಆಮೇಲೆ. ಮನೆ ಒಣಗಿಸಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಒದ್ದೆಯಾದ ಜಾಗ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ‘ನೀವು ಸುಮ್ನೆ ಬಿಟ್ಟಿದ್ದಕ್ಕೇ ಬೂಷ್ಟು ಬಂತು’ ಎಂದು ಕಂಪನಿಯವರು ಹೇಳಿದರೆ ಆ ಭಾಗದ ದುಡ್ಡು ಹೋಯಿತು. ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಜಗಳ ತೀರಲಿ ಎಂದು ಕಾಯಬೇಡಿ. ಮೊದಲು ಫೋಟೋ, ವಿಡಿಯೋ ತೆಗೆಯಿರಿ. ನೀರು ಒಣಗಿಸುವವರನ್ನು ಕರೆಸಿ, ಬಿಲ್ ಇಟ್ಟುಕೊಳ್ಳಿ. ಕಿತ್ತ ನೆಲದ ಒಂದು ಹಲಗೆ, ಕ್ಯಾಬಿನೆಟ್‌ನ ಒಂದು ಬಾಗಿಲು ಎತ್ತಿಡಿ. ಮೇಲಿನ ಮನೆಯವರಿಗೆ ಆ ಒಡೆದ ಪೈಪ್ ಎಸೆಯಬೇಡಿ ಎಂದು ಇಮೇಲ್ ಹಾಕಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನಿಮ್ಮ ಕಂಪನಿಗೂ ಅಸೋಸಿಯೇಷನ್ ಮ್ಯಾನೇಜರ್‌ಗೂ ಇವತ್ತೇ ಬರೆದು ತಿಳಿಸಿ.

ಈಗ ದುಡ್ಡಿನ ಮಾತು. ಅಸೋಸಿಯೇಷನ್‌ನವರು ಹೇಳಿದ ‘ಒಳಗಿನದೆಲ್ಲ ನಿಮ್ಮದು’ ಅನ್ನೋದನ್ನು ಹಾಗೇ ನಂಬಬೇಡಿ. ಅದು ನಿಜ ಇರಬಹುದು, ಇಲ್ಲದಿರಬಹುದು. ಕಟ್ಟಡಕ್ಕೆಲ್ಲ ಸೇರಿ ಅಸೋಸಿಯೇಷನ್ ತೆಗೆದುಕೊಳ್ಳುವ ‘ಮಾಸ್ಟರ್ ಪಾಲಿಸಿ’ ಎಲ್ಲಿಗೆ ನಿಲ್ಲುತ್ತದೆ, ನಿಮ್ಮ ಪಾಲಿಸಿ ಎಲ್ಲಿಂದ ಶುರುವಾಗುತ್ತದೆ ಎಂದು ಕಾಂಡೋದ ‘ಡಿಕ್ಲರೇಷನ್’ ಪತ್ರದಲ್ಲಿ ಬರೆದಿರುತ್ತದೆ. ಮನೆ ಕೊಳ್ಳುವಾಗ ಕೈಗೆ ಕೊಟ್ಟ ದಪ್ಪ ಕಟ್ಟಿನಲ್ಲಿ ಅದು ಇರುತ್ತದೆ. ಯಾರೂ ಓದುವುದಿಲ್ಲ. ನಷ್ಟ ಅಳೆಯಲು ವಿಮಾ ಕಂಪನಿಯಿಂದ ಬರುವ ಅಡ್ಜಸ್ಟರ್ ಮಾತ್ರ ಮೊದಲು ಅದನ್ನೇ ಕೇಳುತ್ತಾನೆ.

ಸಾಮಾನ್ಯವಾಗಿ ಮೂರು ಥರ ಇರುತ್ತದೆ. ಮೊದಲನೆಯದರಲ್ಲಿ ಅಸೋಸಿಯೇಷನ್ ಬರೀ ಗೋಡೆಗೆ ಮಾತ್ರ ವಿಮೆ ಮಾಡಿಸುತ್ತದೆ. ಅದಕ್ಕೆ ‘ಬೇರ್ ವಾಲ್ಸ್’ ಅನ್ನುತ್ತಾರೆ. ಆಗ ಕ್ಯಾಬಿನೆಟ್, ಸಿಂಕು, ನೆಲಹಾಸು, ಎಷ್ಟೋ ಕಡೆ ಒಳಗೋಡೆಯ ಜಿಪ್ಸಮ್ ಹಲಗೆ ಕೂಡ ನಿಮ್ಮ ತಲೆಗೇ. ಎರಡನೆಯದರಲ್ಲಿ ಬಿಲ್ಡರ್ ಮೊದಲು ಹೇಗೆ ಕಟ್ಟಿಕೊಟ್ಟಿದ್ದನೋ ಅಷ್ಟಕ್ಕೆ ಅಸೋಸಿಯೇಷನ್ ವಿಮೆ, ಆಮೇಲೆ ನೀವು ಮಾಡಿಸಿದ ಚಂದಕ್ಕೆ ಇಲ್ಲ. ಮೂರನೆಯದರಲ್ಲಿ ಆಮೇಲೆ ಮಾಡಿಸಿದ್ದೂ ಸೇರುತ್ತದೆ. ನಿಮ್ಮ ಪಾತ್ರೆ, ಸೋಫಾ, ಬಟ್ಟೆ ಮಾತ್ರ ಮೂರರಲ್ಲೂ ನಿಮ್ಮದೇ.

ನಿಮ್ಮ ಮನೆಗೆ ಇದನ್ನು ಹಚ್ಚಿ ನೋಡಿ. ಎರಡನೇ ಥರ ಆಗಿದ್ದರೆ ಸೀಲಿಂಗ್ ಅಸೋಸಿಯೇಷನ್‌ದು. ಕ್ಯಾಬಿನೆಟ್ ಬಿಲ್ಡರ್ ಹಾಕಿದ್ದಾದರೆ ಅದೂ ಅವರದೇ. ಮರದ ನೆಲಕ್ಕೆ ಮಾತ್ರ ತಕರಾರು ಬರುತ್ತದೆ. ಕಾರ್ಪೆಟ್ ಇದ್ದ ಜಾಗಕ್ಕೆ ಮರ ಹಾಕಿಸಿದ್ದರಿಂದ ಮಾಸ್ಟರ್ ಪಾಲಿಸಿಯವರು ಕಾರ್ಪೆಟ್‌ನ ಲೆಕ್ಕ ಕೊಟ್ಟು ಕೈತೊಳೆದುಕೊಳ್ಳಬಹುದು, ಉಳಿದದ್ದು ನಿಮ್ಮ ಪಾಲಿಸಿಗೆ. ಮೊದಲನೇ ಥರ ಆಗಿದ್ದರೆ ನೆಲ, ಕ್ಯಾಬಿನೆಟ್ ಎಲ್ಲ ನಿಮ್ಮ 5,000 ಡಾಲರ್‌ನಲ್ಲೇ ಮುಗಿಯಬೇಕು. ಮುಗಿಯುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ರಾಜ್ಯ ಯಾವುದು ಎಂದು ಬರೆದಿಲ್ಲ. ಅದು ಮುಖ್ಯ. ಕೆಲವು ರಾಜ್ಯಗಳಲ್ಲಿ ಈ ಗೆರೆಯನ್ನು ಕಾನೂನೇ ಎಳೆದುಬಿಟ್ಟಿದೆ. ಫ್ಲಾರಿಡಾ ನೋಡಿ. ಅಲ್ಲಿ ಮೂಲ ಕಟ್ಟಡಕ್ಕೆ ಅಸೋಸಿಯೇಷನ್ ವಿಮೆ ಮಾಡಿಸಲೇಬೇಕು. ಆದರೆ ನೆಲ, ಗೋಡೆ, ಸೀಲಿಂಗ್‌ಗಳ ಮೇಲಿನ ಹೊದಿಕೆ, ದೀಪಗಳು, ಬಿಸಿನೀರಿನ ಹೀಟರ್, ಫ್ರಿಜ್ಜು ಒಲೆಯಂಥವು, ಗೋಡೆಗೆ ಕೂರಿಸಿದ ಕ್ಯಾಬಿನೆಟ್, ಕೌಂಟರ್‌ಟಾಪ್, ಕಿಟಕಿ ಪರದೆ ಇವೆಲ್ಲ ಮಾಲೀಕರದು ಎಂದು ಕಾಂಡೋ ಕಾಯ್ದೆಯೇ ಪಟ್ಟಿ ಮಾಡಿ ಹೇಳುತ್ತದೆ. ಅಂದರೆ ಅಲ್ಲಿ ಗೋಡೆ ಅಸೋಸಿಯೇಷನ್‌ದು, ಅದರ ಬಣ್ಣ ನಿಮ್ಮದು. ನೀವು ಅಲ್ಲಿಯವರಾದರೆ ಕ್ಯಾಬಿನೆಟ್‌ಗೋಸ್ಕರ ಅಸೋಸಿಯೇಷನ್ ಜೊತೆ ಕಿತ್ತಾಡಿ ಪ್ರಯೋಜನವಿಲ್ಲ.

ಇನ್ನೊಂದು ಗಂಟು ಇದೆ, ಡಿಡಕ್ಟಿಬಲ್‌ದು. ಅಂದರೆ ವಿಮೆ ಕೊಡಲು ಶುರು ಮಾಡುವ ಮುಂಚೆ ಪಾಲಿಸಿದಾರರೇ ಕೈಯಿಂದ ಹಾಕಬೇಕಾದ ಮೊತ್ತ. ಮಾಸ್ಟರ್ ಪಾಲಿಸಿಯ ಡಿಡಕ್ಟಿಬಲ್ 10,000, 25,000 ಡಾಲರ್ ಇರುವುದು ಹೊಸದೇನಲ್ಲ. ನಿಮ್ಮ ಸೀಲಿಂಗ್‌ನ ಖರ್ಚು 7,000 ಬಂತು ಅಂದುಕೊಳ್ಳಿ. ಸೀಲಿಂಗ್ ಅವರದೇ ಆದರೂ ಮಾಸ್ಟರ್ ಪಾಲಿಸಿಯಿಂದ ಒಂದು ಪೈಸೆ ಬರುವುದಿಲ್ಲ. ಆ 7,000 ಯಾರು ಹಾಕಬೇಕು? ಕೆಲವು ಡಿಕ್ಲರೇಷನ್‌ಗಳಲ್ಲಿ ಅಸೋಸಿಯೇಷನ್ ಎಂದಿರುತ್ತದೆ. ಕೆಲವುದರಲ್ಲಿ ನೀರು ಯಾರ ಮನೆಯಿಂದ ಬಂತೋ ಅವರು, ಇನ್ನು ಕೆಲವುದರಲ್ಲಿ ಯಾರ ಮನೆ ಹಾಳಾಯಿತೋ ಅವರು. ಕೊನೆಯದು ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಅನ್ಯಾಯವೋ ನ್ಯಾಯವೋ, ಕೊಳ್ಳುವಾಗ ಒಪ್ಪಿ ಸಹಿ ಹಾಕಿದ್ದೀರಿ.

ಮೇಲಿನ ಮನೆಯವರ ವಿಷಯ. ‘ಅವರ ಮನೆಯಿಂದ ನೀರು ಬಂತು, ಹಾಗಾಗಿ ಅವರು ಕೊಡಬೇಕು’ ಎಂದು ಎಲ್ಲರೂ ನಂಬಿದ್ದಾರೆ. ಅವರ ಹೊಣೆಗಾರಿಕೆ ವಿಮೆ ದುಡ್ಡು ಕೊಡುವುದು ಅವರ ಅಜಾಗರೂಕತೆ ಕಂಡಾಗ. ಪೈಪ್ ಹಠಾತ್ತಾಗಿ ಒಡೆದರೆ ಅದು ಅಜಾಗರೂಕತೆ ಅಲ್ಲ. ವರ್ಷಗಟ್ಟಲೆ ಬದಲಾಯಿಸದೆ ಬಿರುಕು ಬಿಟ್ಟ ರಬ್ಬರ್ ಪೈಪ್ ಆಗಿದ್ದರೆ, ಅಥವಾ ತೊಟ್ಟಿಕ್ಕುತ್ತಿದೆ ಎಂದು ಪ್ಲಂಬರ್ ಮೊದಲೇ ಹೇಳಿದ್ದರೆ ಕಥೆ ಬೇರೆ. ಆ ಪೈಪ್ ಎಸೆಯಬೇಡಿ ಎಂದು ಬರೆಯಲು ಹೇಳಿದ್ದು ಅದಕ್ಕೇ. ನೀವೇ ಅವರ ಬಾಗಿಲು ತಟ್ಟಬೇಕಿಲ್ಲ. ನಿಮ್ಮ ಕಂಪನಿ ನಿಮಗೆ ದುಡ್ಡು ಕೊಟ್ಟ ಮೇಲೆ ಅವರ ಕಂಪನಿಯಿಂದ ವಸೂಲಿ ಮಾಡಲು ತಾನೇ ಹೋಗುತ್ತದೆ. ಗೆದ್ದರೆ ನಿಮ್ಮ ಡಿಡಕ್ಟಿಬಲ್ ಕೂಡ ವಾಪಸ್ ಬರಬಹುದು. ಆದರೆ ಮಾಲೀಕರು ಒಬ್ಬರ ಮೇಲೊಬ್ಬರು ಹೀಗೆ ವಸೂಲಿಗೆ ಹೋಗುವಂತಿಲ್ಲ ಎಂಬ ಸಾಲು ಕೆಲವು ಡಿಕ್ಲರೇಷನ್‌ಗಳಲ್ಲಿ ಇರುತ್ತದೆ. ಅದನ್ನೂ ನೋಡಿಕೊಳ್ಳಿ.

ಆ 5,000 ಎಲ್ಲಿಂದ ಬಂತು ಎಂದು ಹೇಳುತ್ತೇನೆ. ಕಾಂಡೋ ಮಾಲೀಕರ ಪಾಲಿಸಿಗೆ ಅಲ್ಲಿ ‘ಎಚ್‌ಓ-6’ ಅನ್ನುತ್ತಾರೆ. ಎಷ್ಟೋ ಕಂಪನಿಗಳು ಬಳಸುವ ಅದರ ಮಾದರಿ ನಮೂನೆಯಲ್ಲಿ ಮನೆಯ ಭಾಗಕ್ಕೆ ಕನಿಷ್ಠ ಅಂತ ಇಟ್ಟಿದ್ದ ಮೊತ್ತ ಅದು. ಏಜೆಂಟ್ ಬದಲಾಯಿಸಲಿಲ್ಲ, ನೀವು ಕೇಳಲಿಲ್ಲ, ಹಾಗೇ ಉಳಿಯಿತು. ಈಗಿನ ಕ್ಲೇಮ್‌ಗೆ ಇನ್ನೇನೂ ಮಾಡಲಾಗುವುದಿಲ್ಲ. ಮುಂದಿನ ರಿನ್ಯೂವಲ್‌ಗೆ ಮುಂಚೆ ಗುತ್ತಿಗೆದಾರರೊಬ್ಬರನ್ನು ಕರೆಸಿ, ಅಡುಗೆಮನೆ, ಬಾತ್‌ರೂಮ್, ನೆಲ ಎಲ್ಲ ಕಿತ್ತು ಹೊಸದಾಗಿ ಹಾಕಿದರೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ಅದೇ ನಿಮ್ಮ ಕವರೇಜ್ ಎ. ಮನೆ ಕೊಂಡ ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ಮನೆಯಲ್ಲಿ ಇರಲಾಗದೆ ಹೊರಗೆ ಉಳಿದಿದ್ದರೆ ಆ ಖರ್ಚನ್ನೂ ಕೇಳಿ. ‘ಲಾಸ್ ಆಫ್ ಯೂಸ್’ ಎಂದು ಬೇರೆ ಭಾಗವೇ ಇದೆ, ಮಾದರಿ ನಮೂನೆಯಲ್ಲಿ ಸಾಮಾನಿನ ವಿಮಾ ಮೊತ್ತದ ಅರ್ಧ. ಅಡುಗೆಮನೆ ಇಲ್ಲದೆ ಹೊರಗೆ ತಿಂದಿದ್ದರೆ ಆ ಬಿಲ್‌ಗಳನ್ನೂ ಇಡಿ. ದಿನನಿತ್ಯ ಮನೆಯಲ್ಲಿ ಆಗುತ್ತಿದ್ದ ಖರ್ಚು ಕಳೆದು, ಮೇಲೆ ಎಷ್ಟಾಯಿತೋ ಅಷ್ಟು ಕೊಡುತ್ತಾರೆ. ಇದನ್ನು ಕೇಳಲು ನಾಚಿಕೊಳ್ಳುವವರು ತುಂಬ ಜನ. ಯಾಕೋ!

ಪ್ರಶ್ನೆ: ಆಲಿಕಲ್ಲು ಮಳೆಗೆ ನಮ್ಮ ಕಾಂಪ್ಲೆಕ್ಸ್‌ನ ಛಾವಣಿ ಹಾಳಾಯಿತು. ಮಾಸ್ಟರ್ ಪಾಲಿಸಿಯಲ್ಲಿ ಶೇ. 2ರ ಡಿಡಕ್ಟಿಬಲ್ ಇದೆಯಂತೆ, ಅದನ್ನು ತುಂಬಲು ಮನೆಗೆ 6,000 ಡಾಲರ್ ಕೊಡಿ ಎಂದಿದ್ದಾರೆ. ಅದೇ ಸಭೆಯಲ್ಲಿ ಪಾರ್ಕಿಂಗ್ ಕಟ್ಟಡದ ಹಳೇ ಕಾಂಕ್ರೀಟ್ ದುರಸ್ತಿಗೆ ಇನ್ನೂ 4,000 ಎಂದರು. ಅಸೋಸಿಯೇಷನ್ ಮಾಲೀಕರಿಂದ ಹೀಗೆ ಕೇಳುವ ಪಾಲಿಗೆ (ಅಸೆಸ್‌ಮೆಂಟ್‌ಗೆ) ಅಂತ ನನ್ನ ಪಾಲಿಸಿಯಲ್ಲಿ ‘ಲಾಸ್ ಅಸೆಸ್‌ಮೆಂಟ್’ 50,000 ಇದೆ. ಎರಡೂ ಬರುತ್ತದೆ ತಾನೇ? ಇನ್ನೊಂದು, ಶೇ. 2 ಅಂದರೆ ಇಷ್ಟೊಂದು ಹೇಗಾಯಿತು?

ಉತ್ತರ: ಲೆಕ್ಕದಿಂದ ಶುರು ಮಾಡೋಣ. ಶೇ. 2 ನಷ್ಟದ ಮೇಲಲ್ಲ, ಕಟ್ಟಡದ ವಿಮಾ ಮೊತ್ತದ ಮೇಲೆ. ಮೊತ್ತ 2 ಕೋಟಿ ಡಾಲರ್ ಅಂದುಕೊಳ್ಳಿ, ಶೇ. 2 ಅಂದರೆ 4 ಲಕ್ಷ. 66 ಮನೆಗಳಿದ್ದರೆ ತಲಾ 6,000 ಚಿಲ್ಲರೆ. ಗಾಳಿ, ಆಲಿಕಲ್ಲು, ಚಂಡಮಾರುತಕ್ಕೆ ಹೀಗೆ ಶೇಕಡಾ ಲೆಕ್ಕ ಹಾಕುವುದು ಈಗ ಮಾಮೂಲು. ಅಸೋಸಿಯೇಷನ್ ಸಭೆಗೆ ಹೋದಾಗ ‘ನಮ್ಮ ಡಿಡಕ್ಟಿಬಲ್ ಡಾಲರ್‌ನಲ್ಲಿ ಎಷ್ಟು?’ ಎಂದು ಕೇಳಿ. ಶೇಕಡಾ ಕೇಳಿದರೆ ಯಾರಿಗೂ ಭಯ ಆಗುವುದಿಲ್ಲ.

4,000 ಬರುವುದಿಲ್ಲ. ಅದನ್ನು ಮರೆತುಬಿಡಿ. ಲಾಸ್ ಅಸೆಸ್‌ಮೆಂಟ್ ಕೊಡುವುದು ಪಾಲಿಸಿಯಲ್ಲಿ ಹೇಳಿರುವ ಅವಘಡದಿಂದ ಸಾಮೂಹಿಕ ಆಸ್ತಿಗೆ ನಷ್ಟ ಆಗಿ, ಅದರ ಪಾಲು ನಿಮ್ಮ ಮೇಲೆ ಬಂದಾಗ. ಬೆಂಕಿ, ಗಾಳಿ, ಆಲಿಕಲ್ಲು ಅವಘಡಗಳು. ಹಳೇ ಕಾಂಕ್ರೀಟ್ ಅವಘಡ ಅಲ್ಲ, ಸವಕಲು. ಯಾರಾದರೂ ಈಜುಕೊಳದಲ್ಲಿ ಬಿದ್ದು ಅಸೋಸಿಯೇಷನ್ ಮೇಲೆ ಕೇಸ್ ಹಾಕಿ, ಪರಿಹಾರ ಮಾಸ್ಟರ್ ಪಾಲಿಸಿಯ ಮಿತಿ ದಾಟಿತು ಅಂದುಕೊಳ್ಳಿ. ಆಗ ನಿಮ್ಮ ಮೇಲೆ ಬೀಳುವ ಪಾಲಿಗೂ ಇದು ಬರುತ್ತದೆ.

6,000ಕ್ಕೆ ಕಾರಣ ಆಲಿಕಲ್ಲು. ಹಾಗಾಗಿ ಬಾಗಿಲು ತೆರೆದಿದೆ. ಆದರೆ ಒಳಗೆ ಒಂದು ಚಿಲಕ ಇದೆ. ಎಚ್‌ಓ-6ರ ಮಾದರಿ ನಮೂನೆಯಲ್ಲಿ ಲಾಸ್ ಅಸೆಸ್‌ಮೆಂಟ್ ಸುಮ್ನೆ 1,000 ಡಾಲರ್ ಇರುತ್ತದೆ. ನೀವು ಸ್ವಲ್ಪ ಪ್ರೀಮಿಯಂ ಜಾಸ್ತಿ ಕಟ್ಟಿ ಅದನ್ನು 50,000ಕ್ಕೆ ಏರಿಸಿದ್ದೀರಿ. ಜಾಣತನ. ಆದರೆ ‘ಅಸೋಸಿಯೇಷನ್‌ನ ಡಿಡಕ್ಟಿಬಲ್ ತುಂಬಲು ಹಾಕಿದ ಅಸೆಸ್‌ಮೆಂಟ್‌ಗೆ 1,000ಕ್ಕಿಂತ ಹೆಚ್ಚು ಕೊಡುವುದಿಲ್ಲ’ ಎಂಬ ಸಾಲು ಆ ನಮೂನೆ ಬಳಸುವ ಎಷ್ಟೋ ಪಾಲಿಸಿಗಳಲ್ಲಿ ಇದೆ. ಮಿತಿ ಏರಿಸಿದರೂ ಈ ಸಾಲು ಅಲ್ಲಾಡುವುದಿಲ್ಲ. ಕೆಲವು ಕಂಪನಿಗಳಲ್ಲಿ ಇದನ್ನು ಬೇರೆಯಾಗಿ ಏರಿಸಬಹುದು. ಕೆಲವು ರಾಜ್ಯಗಳ ನಿಯಮವೂ ಬೇರೆ. ಫ್ಲಾರಿಡಾದಲ್ಲಿ ಮಾಲೀಕರ ಪಾಲಿಸಿಯಲ್ಲಿ ಕನಿಷ್ಠ 2,000 ಡಾಲರ್ ಲಾಸ್ ಅಸೆಸ್‌ಮೆಂಟ್ ಇರಲೇಬೇಕು. ನಿಮ್ಮ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸಿದ ಷರತ್ತು) ಹಾಳೆ ತೆಗೆದು ‘ಡಿಡಕ್ಟಿಬಲ್’ ಎಂಬ ಪದ ಎಲ್ಲೆಲ್ಲಿದೆ ಎಂದು ಹುಡುಕಿ. ಆ ಸಾಲು ಇಲ್ಲದಿದ್ದರೆ ಪೂರ್ತಿ 6,000ಕ್ಕೆ ಅರ್ಜಿ ಹಾಕಿ. ಸಭೆಯ ನಡಾವಳಿಯ ಪ್ರತಿ ಜೊತೆಗಿರಲಿ. 6,000 ಯಾಕೆ, 4,000 ಯಾಕೆ ಎಂದು ಅದರಲ್ಲಿ ಬೇರೆಬೇರೆಯಾಗಿ ಬರೆದಿರಬೇಕು. ಎರಡನ್ನೂ ಸೇರಿಸಿ ‘ವಿಶೇಷ ಅಸೆಸ್‌ಮೆಂಟ್ 10,000’ ಎಂದು ಬರೆದರೆ ಕ್ಲೇಮ್ ತಿಂಗಳುಗಟ್ಟಲೆ ಎಳೆಯುತ್ತದೆ. ಇಂಥ ಒಂದು ಸಾಲಿನ ನಡಾವಳಿ ಹಿಡಿದು ಬಂದವರನ್ನು ನಾನು ಎಷ್ಟು ಸಲ ವಾಪಸ್ ಕಳಿಸಿದ್ದೇನೋ.

ಇನ್ನೊಂದು ಮಾತು. ಆಲಿಕಲ್ಲು ಬಿದ್ದ ದಿನಕ್ಕೂ ಅಸೆಸ್‌ಮೆಂಟ್ ಹಾಕಿದ ದಿನಕ್ಕೂ ನಡುವೆ ನೀವು ಕಂಪನಿ ಬದಲಾಯಿಸಿದ್ದೀರಾ? ಕೆಲವರು ನಷ್ಟ ಆದ ದಿನ ನೋಡುತ್ತಾರೆ, ಕೆಲವರು ಅಸೆಸ್‌ಮೆಂಟ್ ಹಾಕಿದ ದಿನ. ಬದಲಾಯಿಸಿದ್ದರೆ ಇಬ್ಬರಿಗೂ ಬರೆಯಿರಿ.

ಪಾರ್ಕಿಂಗ್‌ನ ಕಾಂಕ್ರೀಟ್‌ಗೆ 4,000 ಕೇಳಿದ್ದಕ್ಕೆ ಸಿಟ್ಟಾಗಿದ್ದೀರಿ, ಪತ್ರದಲ್ಲೇ ಗೊತ್ತಾಗುತ್ತದೆ. ಕೊಡಿ ಅಂತಲೇ ಹೇಳುತ್ತೇನೆ. ಮಯಾಮಿ ಬೀಚ್ ಪಕ್ಕದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಾಂಡೋ ಕುಸಿದು 98 ಜನ ಸತ್ತರು. 1981ರಲ್ಲಿ ಕಟ್ಟಿದ ಕಟ್ಟಡ ಅದು. ಕಾಂಕ್ರೀಟ್ ಹಾಳಾಗಿದೆ ಎಂದು ಎಂಜಿನಿಯರ್ 2018ರಲ್ಲೇ ವರದಿ ಕೊಟ್ಟಿದ್ದರು. ದುರಸ್ತಿಗೆ ಸುಮಾರು 1.5 ಕೋಟಿ ಡಾಲರ್ ಅಸೆಸ್‌ಮೆಂಟ್‌ಗೆ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ಅದಾದ ಮೇಲೆ ಫ್ಲಾರಿಡಾ 2022ರಲ್ಲಿ ಕಾನೂನು ತಂದಿತು: ಮೂರು ಅಥವಾ ಹೆಚ್ಚು ಮಹಡಿಯ ಹಳೇ ಕಾಂಡೋಗಳಿಗೆ ಎಂಜಿನಿಯರ್ ತಪಾಸಣೆ ಕಡ್ಡಾಯ, ಕಟ್ಟಡದ ಮುಖ್ಯ ಭಾಗಗಳ ದುರಸ್ತಿಗೆ ಮೀಸಲು ನಿಧಿ ಕಡ್ಡಾಯ. ಇದರಿಂದ ಅಲ್ಲಿನವರಿಗೆ ಸಾವಿರಗಟ್ಟಲೆ ಡಾಲರ್ ಬಿಲ್ ಬರುತ್ತಿದೆ. ಇಂಥ ಬಿಲ್‌ಗೆ ಎಚ್‌ಓ-6 ಕೊಡುವುದಿಲ್ಲ. ಕಾಂಡೋ ಕೊಳ್ಳುವ ಮುಂಚೆ ಮೀಸಲು ನಿಧಿಯ ಲೆಕ್ಕ ನೋಡಿ ಎಂದು ನಾನು ಹೇಳುತ್ತಲೇ ಇರುವುದು ಇದಕ್ಕೇ.

ಪ್ರಶ್ನೆ: ನಾವು ನಿವೃತ್ತರು. ವರ್ಷದಲ್ಲಿ ನಾಲ್ಕು ತಿಂಗಳು ಭಾರತದಲ್ಲಿ ಇರುತ್ತೇವೆ, ಚಳಿಗಾಲದಲ್ಲಿ. ಕಾಂಡೋ ಬೀಗ ಹಾಕಿರುತ್ತದೆ. ಮುಂದಿನ ವರ್ಷದಿಂದ ಆ ನಾಲ್ಕು ತಿಂಗಳು ಯಾರಿಗಾದರೂ ಬಾಡಿಗೆಗೆ ಕೊಡೋಣ ಎಂದು ಮಗ ಹೇಳುತ್ತಿದ್ದಾನೆ. ಈಗಿನ ಪಾಲಿಸಿ ಸಾಕಾ?

ಉತ್ತರ: ಬೀಗ ಹಾಕಿ ಹೋಗುವುದರಲ್ಲಿ ತಪ್ಪಿಲ್ಲ. ಸಾಮಾನು ಒಳಗೇ ಇದ್ದರೆ ಅದು ‘ಯಾರೂ ಇಲ್ಲದ’ ಮನೆ, ‘ಖಾಲಿ’ ಮನೆ ಅಲ್ಲ. ಖಾಲಿ ಮನೆಗೆ 60 ದಿನ ದಾಟಿದರೆ ಕಿಡಿಗೇಡಿಗಳು ಮಾಡಿದ ಹಾನಿಗೆ ವಿಮೆ ನಿಲ್ಲುತ್ತದೆ. ನಿಮಗೆ ಆ ತೊಂದರೆ ಇಲ್ಲ. ನಿಮಗಿರುವ ಅಪಾಯ ಚಳಿ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ, ‘ಹೀಟರ್ ಹಾಕಿಟ್ಟಿದ್ದಿರಾ, ಇಲ್ಲವೇ ನೀರು ನಿಲ್ಲಿಸಿ ಪೈಪ್ ಖಾಲಿ ಮಾಡಿದ್ದಿರಾ?’ ಎಂದು ಕೇಳುತ್ತಾರೆ. ಎರಡೂ ಇಲ್ಲ ಅಂದರೆ ದುಡ್ಡಿಲ್ಲ. ನನ್ನ ಸಲಹೆ, ಹೀಟರ್ ಕಡಿಮೆ ಮಾಡಿ ಇಟ್ಟಿರಿ, ಜೊತೆಗೆ ಮನೆಯ ಮುಖ್ಯ ನಲ್ಲಿಯನ್ನೂ ನಿಲ್ಲಿಸಿ ಹೋಗಿ. ವಿದ್ಯುತ್ ಬಿಲ್ ಇದ್ದರೆ ಹೀಟರ್ ಓಡುತ್ತಿತ್ತು ಅನ್ನೋದಕ್ಕೆ ಸಾಕ್ಷಿ ಆಗುತ್ತದೆ. ಪಕ್ಕದ ಮನೆಯವರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ನೋಡಲು ಹೇಳಿ.

ಬಾಡಿಗೆ ವಿಷಯ ಪೂರ್ತಿ ಬೇರೆ. ಎಚ್‌ಓ-6 ಇರುವುದು ಮಾಲೀಕರೇ ವಾಸಿಸುವ ಮನೆಗೆ. ಬಾಡಿಗೆಗೆ ಕೊಡುವ ಮುಂಚೆ ಕಂಪನಿಗೆ ಹೇಳಿ, ಬಾಡಿಗೆಯ ಎಂಡಾರ್ಸ್‌ಮೆಂಟ್ ಹಾಕಿಸಿ. ಬಾಡಿಗೆಗೆ ಬರುವವರ ಸಾಮಾನಿಗೆ ನಿಮ್ಮ ವಿಮೆ ಬರುವುದಿಲ್ಲ. ಅವರೇ ಬಾಡಿಗೆದಾರರ ಪಾಲಿಸಿ ತೆಗೆದುಕೊಳ್ಳಬೇಕು ಎಂದು ಕರಾರಿನಲ್ಲಿ ಬರೆಸಿ. ಇನ್ನು ದಿನಕ್ಕಿಷ್ಟು ಎಂದು ಆನ್‌ಲೈನ್‌ನಲ್ಲಿ ಅತಿಥಿಗಳಿಗೆ ಕೊಡುವ ಯೋಚನೆ ಇದ್ದರೆ ಮಗನಿಗೆ ಬೇಡ ಎನ್ನಿ. ಎಷ್ಟೋ ಅಸೋಸಿಯೇಷನ್‌ಗಳು ಅದನ್ನು ಬಿಡುವುದೇ ಇಲ್ಲ, ವಿಮಾ ಕಂಪನಿಗಳು ಅದನ್ನು ವ್ಯಾಪಾರ ಎಂದೇ ನೋಡುತ್ತವೆ.

ಪ್ರಶ್ನೆ: ಮನೆಯಲ್ಲಿ ಸುಮಾರು 40,000 ಡಾಲರ್ ಬೆಲೆಯ ಚಿನ್ನ ಇದೆ. ಸಾಮಾನಿನ ವಿಮೆ 75,000 ಇದೆ. ಕಳವಾದರೆ ಸಿಗುತ್ತದಲ್ಲವೇ?

ಉತ್ತರ: ಇಲ್ಲ. ಮಾದರಿ ನಮೂನೆಯಲ್ಲಿ ಒಡವೆ ಕಳವಿಗೆ ಮಿತಿ 1,500 ಡಾಲರ್. ಕೆಲವು ಕಂಪನಿಗಳಲ್ಲಿ ಸ್ವಲ್ಪ ಜಾಸ್ತಿ, ಆದರೆ 40,000ದ ಹತ್ತಿರಕ್ಕೂ ಬರುವುದಿಲ್ಲ. ನಗದು ಇಟ್ಟಿದ್ದರೆ ಮಿತಿ 200. ಒಡವೆಗಳನ್ನು ಒಂದೊಂದಾಗಿ ಬೆಲೆ ಕಟ್ಟಿಸಿ, ಫೋಟೋ ಸಮೇತ ಪಾಲಿಸಿಯಲ್ಲಿ ಪಟ್ಟಿ ಮಾಡಿಸಿ. ಅದಕ್ಕೆ ಬೇರೆ ಪ್ರೀಮಿಯಂ ಆಗುತ್ತದೆ. ಬ್ಯಾಂಕ್ ಲಾಕರ್‌ನಲ್ಲಿ ಇಟ್ಟರೆ ಸಾಕಲ್ಲ ಎಂದು ಮುಂದಿನ ಪತ್ರ ಬರುವ ಮೊದಲೇ ಹೇಳಿಬಿಡುತ್ತೇನೆ: ಬ್ಯಾಂಕ್ ಠೇವಣಿಗೆ ಇರುವ ಸರ್ಕಾರಿ ವಿಮೆ ಲಾಕರ್ ಒಳಗಿನ ವಸ್ತುವಿಗೆ ಇಲ್ಲ. ಲಾಕರ್‌ನಲ್ಲಿ ಇಟ್ಟರೂ ಪಟ್ಟಿ ಮಾಡಿಸಿ. ಲಾಕರ್‌ನಲ್ಲಿದೆ ಎಂದು ಹೇಳಿದರೆ ಪ್ರೀಮಿಯಂ ಕಡಿಮೆ ಮಾಡಿಕೊಡುವ ಕಂಪನಿಗಳಿವೆ.

ಪ್ರಶ್ನೆ: ನಮ್ಮದು ಒಂಬತ್ತನೇ ಮಹಡಿ. ಪ್ರವಾಹದ ವಿಮೆ ನಮಗ್ಯಾಕೆ? ಭೂಕಂಪದ್ದು ಮಾಡಿಸಬೇಕಾ?

ಉತ್ತರ: ನಿಮ್ಮ ಸೋಫಾ ನೆನೆಯುವುದಿಲ್ಲ, ಸರಿ. ಆದರೆ ಲಿಫ್ಟ್‌ನ ಯಂತ್ರ, ವಿದ್ಯುತ್ ಫಲಕ, ಪಾರ್ಕಿಂಗ್ ಎಲ್ಲ ಕೆಳಗೇ ಇರುತ್ತವೆ. ಅವು ಹಾಳಾದರೆ ನಿಮ್ಮ ಪಾಲೂ ಬರುತ್ತದೆ. ಎಚ್‌ಓ-6ನಲ್ಲಿ ಪ್ರವಾಹ ಸೇರಿಲ್ಲ, ಹಾಗಾಗಿ ಅದರ ಲಾಸ್ ಅಸೆಸ್‌ಮೆಂಟ್ ಕೂಡ ಕೈ ಕೊಡುತ್ತದೆ. ಅಸೋಸಿಯೇಷನ್ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯಲ್ಲಿ ಇಡೀ ಕಟ್ಟಡಕ್ಕೆ ಪಾಲಿಸಿ ಮಾಡಿಸಬಹುದು. ಮನೆಗೆ 2,50,000 ಡಾಲರ್‌ನಂತೆ ಎಷ್ಟು ಮನೆಗಳಿವೆಯೋ ಅಷ್ಟು ಪಟ್ಟು ಅದರ ಗರಿಷ್ಠ ಮಿತಿ. ಅದು ಇದೆಯೇ, ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚಿನ ಶೇ. 80ರಷ್ಟಾದರೂ ಇದೆಯೇ ಎಂದು ಕೇಳಿ. ಅದಕ್ಕಿಂತ ಕಡಿಮೆ ಇದ್ದರೆ ಕ್ಲೇಮ್‌ನಲ್ಲೂ ಕತ್ತರಿ ಬೀಳುತ್ತದೆ. ಅಸೋಸಿಯೇಷನ್ ಮಾಡಿಸಿದ್ದರೆ ನೀವು ಬೇರೆ ಮಾಡಿಸುವ ತುರ್ತು ನನಗೆ ಕಾಣುವುದಿಲ್ಲ. ಕೆಳಗಿನ ಮಹಡಿಯವರು ಮಾತ್ರ ಸಾಮಾನಿಗೆ ಮಾಡಿಸಲಿ, 1,00,000 ಡಾಲರ್‌ವರೆಗೆ ಸಿಗುತ್ತದೆ. ಹೊಸ ಪಾಲಿಸಿ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಜಾರಿಗೆ ಬರುತ್ತದೆ. ಮಳೆಗಾಲದ ಸುದ್ದಿ ಟೀವಿಯಲ್ಲಿ ಬಂದ ಮೇಲೆ ಫೋನ್ ಮಾಡುವವರಿಗೆ ಇದು ಗೊತ್ತಿರುವುದಿಲ್ಲ.

ಭೂಕಂಪಕ್ಕೂ ಬೇರೆ ಪಾಲಿಸಿಯೇ ಬೇಕು. ನೀವು ಕ್ಯಾಲಿಫೋರ್ನಿಯಾದವರಾದರೆ ಮಾಡಿಸಿ ಎನ್ನುತ್ತೇನೆ, ಒಂಬತ್ತನೇ ಮಹಡಿಯವರಂತೂ ಖಂಡಿತ. ಅಲ್ಲಿನ ಭೂಕಂಪ ಪ್ರಾಧಿಕಾರದ ಕಾಂಡೋ ಪಾಲಿಸಿಯಲ್ಲಿ ಲಾಸ್ ಅಸೆಸ್‌ಮೆಂಟ್ ಸೇರಿಸಿಕೊಳ್ಳಬಹುದು, ಕಾಂಡೋದವರಿಗೆ ಮುಖ್ಯವಾಗಿ ಬೇಕಾದದ್ದೂ ಅದೇ. ಡಿಡಕ್ಟಿಬಲ್ ಶೇ. 5ರಿಂದ ಶೇ. 25ರವರೆಗೆ ನೀವೇ ಆರಿಸಬಹುದು. ಪ್ರೀಮಿಯಂ ಕಡಿಮೆ ಕಂಡಿತು ಎಂದು 25 ಆರಿಸುವ ಮುಂಚೆ ಅದು ಡಾಲರ್‌ನಲ್ಲಿ ಎಷ್ಟಾಗುತ್ತದೆ ಎಂದು ಏಜೆಂಟ್‌ನಿಂದ ಬರೆಸಿಕೊಳ್ಳಿ.